ಯಂತ್ರದ ಜ್ವರ, ಹೀಟರಿನ ಎಚ್ಚರಿಕೆ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ವಿಜಯಪುರ ಸೀಮೆಯಲ್ಲಿ ಕಾರಿಗೆ ಹೀಟರ್ ಏಕೆ ಬೇಕೆಂದು ಕೇಳುವವರೇ ಹೆಚ್ಚು. ಪ್ರಶ್ನೆ ಸಹಜವಾದುದೇ. ಆದರೆ ಪುಷ್ಯ ಮಾಸದ ಬೆಳಗಿನ ಜಾವ ಭೂತನಾಳ ಕೆರೆಯ ಮೇಲಿಂದ ಬೀಸಿ ಬರುವ ಗಾಳಿಗೆ ಒಮ್ಮೆ ಮೈಯೊಡ್ಡಿದವರು ಹಾಗೆ ಕೇಳಲಾರರು. ಬಯಲುಸೀಮೆಯ ಚಳಿಯೂ ಅದರ ಬಿಸಿಲಿನಂತೆಯೇ ಮುಚ್ಚುಮರೆಯಿಲ್ಲದ್ದು. ಮನೆಯಲ್ಲಿ ಉಬ್ಬಸದ ರೋಗಿಯೋ ಹಸುಗೂಸೋ ಇದ್ದರಂತೂ ಕಾರಿನೊಳಗಿನ ಬೆಚ್ಚನೆಯ ಗಾಳಿ ಭೋಗದ ವಸ್ತುವಲ್ಲ, ಅಗತ್ಯದ ವಸ್ತು.

ಆದರೆ ಈ ಲೇಖನದ ಉದ್ದೇಶ ಹೀಟರಿನ ಸುಖವನ್ನು ವರ್ಣಿಸುವುದಲ್ಲ. ಹೀಟರ್ ಕೆಟ್ಟಿತೆಂದು ನಾವು ಅಲಕ್ಷಿಸುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಹೀಟರ್ ಅಲ್ಲ. ಎಂಜಿನ್ನನ್ನು ತಂಪಾಗಿರಿಸುವ ನೀರಿನ ವ್ಯವಸ್ಥೆ. ಹೀಟರ್ ಅದರ ನಾಡಿಯನ್ನು ತೋರಿಸುವ ಕೈಮಣಿಕಟ್ಟು ಮಾತ್ರ. ಈ ಸತ್ಯವನ್ನು ನಾನು ಗ್ರಂಥದಿಂದ ಕಲಿತವನಲ್ಲ, ಸೋಲಾಪುರದ ಹಾದಿಯಲ್ಲಿ ನಿಂತು ಕಲಿತವನು.

ಹಾದಿಯಲ್ಲಿ ಕಲಿತ ಪಾಠ

ಒಂದು ಚಳಿಗಾಲದ ಬೆಳಗಿನ 5 ಗಂಟೆಗೆ ಉಬ್ಬಸದಿಂದ ಬಳಲುತ್ತಿದ್ದ ನನ್ನ ಅಕ್ಕನನ್ನು ಕರೆದುಕೊಂಡು ಭೂತನಾಳದಿಂದ ಸೋಲಾಪುರಕ್ಕೆ ಹೊರಟೆವು. ಕಾರು ಹಳೆಯದು, ನಡೆಸುತ್ತಿದ್ದವನು ನನ್ನ ತಮ್ಮನ ಮಗ. ಆ ಕಾರಿನ ಹೀಟರ್ ಚಳಿಗಾಲವಿಡೀ ಉಗುರುಬೆಚ್ಚನೆಯ ಗಾಳಿಯನ್ನಷ್ಟೇ ಕೊಡುತ್ತಿತ್ತು. ಅಕ್ಕ ಹಲವು ಸಲ ದೂರಿದ್ದರೂ ಹಳೆಯ ಕಾರಿಗೆ ಇಷ್ಟೇ ಸಾಕೆಂದು ನಾವು ಸುಮ್ಮನಾಗಿದ್ದೆವು. ಹೊರ್ತಿ ದಾಟಿದ ಮೇಲೆ ಆ ಉಗುರುಬೆಚ್ಚನೆಯೂ ನಿಂತುಹೋಗಿ ತಣ್ಣನೆಯ ಗಾಳಿ ಬರತೊಡಗಿತು. ಹುಡುಗ ಹೀಟರಿನ ಗುಂಡಿಯನ್ನು ಅತ್ತಿತ್ತ ತಿರುಗಿಸಿ, ‘ಇದು ಪೂರಾ ಕೆಟ್ಟಂಗ ಕಾಣ್ತದ ದೊಡ್ಡಪ್ಪಾ’ ಎಂದ. ನಾನು ಅಕ್ಕನಿಗೆ ಇನ್ನೊಂದು ಶಾಲು ಹೊದಿಸಿದೆ. ಅಲ್ಲಿಗೆ ನಮ್ಮ ವಿಚಾರ ಮುಗಿಯಿತು.

ಝಳಕಿ ಸಮೀಪಿಸುವ ವೇಳೆಗೆ ತಾಪಮಾನ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತ್ತು. ಬಾನೆಟ್ಟಿನ ಸಂದಿಯಿಂದ ಉಗಿ ಏಳುತ್ತಿತ್ತು. ಗಾಡಿ ನಿಂತೊಡನೆ ಹುಡುಗ ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಲು ಹೋದ. ಆಗ ಹಿಂದಿನ ಆಸನದಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ ಅಕ್ಕ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು: ‘ಉಗಿ ಇಳಿಯೋಕಿಂತ ಮೊದಲ ಕುಕ್ಕರಿನ ಮುಚ್ಚಳಾ ಯಾರರೆ ತಗೀತಾರೇನೋ? ಹಿಂದ ಸರಿ!’

ಹುಡುಗ ಬೆಚ್ಚಿ ಕೈ ಹಿಂತೆಗೆದ. ಕಾರಿನ ವಿಷಯದಲ್ಲಿ ಏನೊಂದೂ ಅರಿಯದ, ನಾಲ್ಕು ದಶಕ ಒಲೆಯ ಮುಂದೆ ಕಳೆದ ಆ ಹೆಣ್ಣುಮಗಳ ಮಾತು ಅಂದು ಅವನ ಮುಖವನ್ನೂ ಕಣ್ಣುಗಳನ್ನೂ ಉಳಿಸಿತು. ಅದೇ ಹಾದಿಯಲ್ಲಿ ಹೊರಟಿದ್ದ ಸಜ್ಜನರೊಬ್ಬರು ಅಕ್ಕನನ್ನೂ ಹುಡುಗನನ್ನೂ ತಮ್ಮ ವಾಹನದಲ್ಲಿ ಸೋಲಾಪುರಕ್ಕೆ ಕರೆದೊಯ್ದರು. ವೈದ್ಯರ ಬಳಿ ತಲುಪುವುದು ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ನನಗೆ ಇಂದಿಗೂ ಮನಸ್ಸಾಗದು. ನಾನು ಬೇವಿನ ಮರದ ಕೆಳಗೆ ಕುಳಿತು, ಹೊರ್ತಿಯಲ್ಲಿಯೇ ಹೀಟರ್ ಕೊಟ್ಟ ಎಚ್ಚರಿಕೆಯನ್ನು ಏಕೆ ಓದಲಿಲ್ಲವೆಂದು ಯೋಚಿಸತೊಡಗಿದೆ.

ನೀರಿನ ಸಂಚಾರ

ಇಂಧನ ಉರಿದಾಗ ಹುಟ್ಟುವ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರನೆಯ ಒಂದು ಭಾಗ ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಭಾಗ ಹೊಗೆಯ ಕೊಳವೆಯಿಂದ ಹೊರಹೋಗುತ್ತದೆ. ಉಳಿದ ಭಾಗದ ಬಹುಪಾಲು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಈ ಕಾವನ್ನು ಹೊತ್ತೊಯ್ಯದಿದ್ದರೆ ಲೋಹ ಹಿಗ್ಗಿ, ಎಣ್ಣೆ ತೆಳುವಾಗಿ, ಕೆಲವೇ ನಿಮಿಷಗಳಲ್ಲಿ ಯಂತ್ರ ಹಾಳಾಗುವುದು. ಆದ್ದರಿಂದ ಎಂಜಿನ್ನಿನ ಗೋಡೆಗಳೊಳಗೆ ನೀರಿನ ಹಾದಿಗಳನ್ನಿರಿಸಿ, ಪಂಪಿನಿಂದ ನೀರನ್ನು ಸುತ್ತಿಸುತ್ತಾರೆ. ಕಾದ ನೀರು ಮುಂಭಾಗದ ರೇಡಿಯೇಟರಿಗೆ ಬಂದು, ಅಲ್ಲಿನ ಸಣ್ಣ ನಳಿಗೆಗಳಲ್ಲಿ ಗಾಳಿಗೆ ತಂಪಾಗಿ ಮತ್ತೆ ಎಂಜಿನ್ನಿಗೆ ಮರಳುತ್ತದೆ.

ಮೊದಲಿನ ಕಾರುಗಳಲ್ಲಿ ಈ ಏರ್ಪಾಡು ಇರಲಿಲ್ಲ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದಿದು ಆವಿಯಾಗುವುದೇ ತಂಪಿನ ಉಪಾಯವಾಗಿತ್ತು. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬೆರ್ಟಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ, 100 ಕಿಲೋಮೀಟರಿಗೂ ಮಿಕ್ಕ ದೂರವನ್ನು, ಅಂತಹ ಗಾಡಿಯಲ್ಲಿ ಕ್ರಮಿಸಿದರು. ದಾರಿಯುದ್ದಕ್ಕೂ ಸಿಕ್ಕಲ್ಲೆಲ್ಲ ನೀರು ತುಂಬಿಸುತ್ತ, ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸುತ್ತ ಆ ತಾಯಿ ತವರು ಸೇರಿದರು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣವೆಂದು ಹೆಸರಾದ ಈ ಯಾತ್ರೆಯ ದುರಸ್ತಿಗಾರರು ಗೃಹಿಣಿಯೊಬ್ಬರು ಎಂಬುದನ್ನು ನಮ್ಮ ಸೋದರಿಯರು ನೆನಪಿಡಬೇಕು.

ಇಂದಿನ ಕಾರುಗಳಲ್ಲಿ ನೀರಿನ ಸಂಚಾರವನ್ನು ಕಾಯುವವರು ಇಬ್ಬರು. ಮೊದಲನೆಯದು ಥರ್ಮೋಸ್ಟ್ಯಾಟ್. ಇದು ಮೇಣ ತುಂಬಿದ ಚಿಕ್ಕ ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ನೀರು ಸುಮಾರು 80 ರಿಂದ 90 ಡಿಗ್ರಿಗೆ ಕಾದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಯಂತ್ರ ಬೇಗನೆ ಹದವಾದ ಕಾವಿಗೆ ಬರುವುದು ಇದರಿಂದಲೇ. ಎರಡನೆಯದು ರೇಡಿಯೇಟರಿನ ಮುಚ್ಚಳ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಆದರೆ ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಸುಮಾರು 0.9 ಬಾರ್‌ನಷ್ಟು ಹೆಚ್ಚಿಸಿ ಹಿಡಿಯುವುದರಿಂದ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ಕುಕ್ಕರಿನ ತತ್ವವೂ ಇದೇ. ಕಾದಿರುವಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರು ಕ್ಷಣಮಾತ್ರದಲ್ಲಿ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಅಕ್ಕ ತಿಳಿದೋ ತಿಳಿಯದೆಯೋ ಆಡಿದ ಮಾತು ಭೌತಶಾಸ್ತ್ರದ ಮಾತೇ ಆಗಿತ್ತು.

ಒತ್ತಡವನ್ನು ಹದದಲ್ಲಿಡುವ ವಿದ್ಯೆ ನಮ್ಮ ಊರಿಗೆ ಹೊಸತಲ್ಲ. ಆದಿಲ್‌ಶಾಹಿ ಅರಸರು ತೊರವಿಯ ಕಡೆಯಿಂದಲೂ 1651ರ ಬೇಗಂ ತಾಲಾಬಿನಿಂದಲೂ ನಗರಕ್ಕೆ ನೀರು ತಂದಾಗ, ಹಾದಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿಸಿದರು. ಕೊಳವೆಗಳು ಒಡೆಯದಂತೆ ನೀರಿನ ಒತ್ತಡ ಇಳಿಯುವುದೂ ಹೂಳು ತಳಕ್ಕೆ ಕೂಡುವುದೂ ಅವುಗಳಲ್ಲಿಯೇ. ರೇಡಿಯೇಟರಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ ಸೀಸೆ ಇಂತಹದೇ ಒಂದು ಚಿಕ್ಕ ಗಂಜ್. ಕಾದು ಹಿಗ್ಗಿದ ನೀರು ಮುಚ್ಚಳವನ್ನು ತಳ್ಳಿ ಸೀಸೆಗೆ ಬರುತ್ತದೆ. ಎಂಜಿನ್ ತಣಿದಾಗ ಮುಚ್ಚಳದ ಒಳಕವಾಟದ ಮೂಲಕ ಹಿಂದಿರುಗುತ್ತದೆ.

ಇನ್ನು ಹೀಟರ್. ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿನೀರು ಎರಡು ಹೋಸ್ ಪೈಪುಗಳ ಮೂಲಕ ಅದರೊಳಗೆ ಹರಿದು ಹೋಗುತ್ತದೆ. ಒಂದು ಫ್ಯಾನು ಅದರ ಮೇಲಿಂದ ಗಾಳಿಯನ್ನು ಊದುತ್ತದೆ. ಹೀಟರಿಗೆ ತನ್ನದೇ ಆದ ಬೆಂಕಿಯಿಲ್ಲ. ಅದು ಎಂಜಿನ್ನಿನ ಕಾವನ್ನು ಸಾಲ ತಂದು ನಮಗೆ ಕೊಡುತ್ತದೆ. ಬಹಳಷ್ಟು ಕಾರುಗಳಲ್ಲಿ ಇದು ಎತ್ತರದಲ್ಲಿರುವುದರಿಂದ ನೀರು ಕಡಿಮೆಯಾದರೆ ಮೊದಲು ಬರಿದಾಗುವುದೂ ಇದೇ. ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂತೆಂದರೆ, ನೀರು ಕಡಿಮೆಯಾಗಿದೆ ಅಥವಾ ಸುತ್ತುತ್ತಿಲ್ಲ ಎಂದು ಮೊದಲು ಶಂಕಿಸಬೇಕು. ಹೊರ್ತಿಯಲ್ಲಿ ನಮಗೆ ದೊರೆತ ಎಚ್ಚರಿಕೆ ಇದೇ ಆಗಿತ್ತು.

ಮನೆಯಂಗಳದ ಪರೀಕ್ಷೆ

ಗಾಡಿಯನ್ನು ಎಳೆಸಿಕೊಂಡು ಊರಿಗೆ ತಂದೆವು. ಮುಂದಿನ ಆದಿತ್ಯವಾರ ಹುಡುಗನೂ ನಾನೂ ಅಂಗಳದಲ್ಲಿ ಪರೀಕ್ಷೆಗೆ ಕುಳಿತೆವು. ಮಠದ ಪಾಠಶಾಲೆಯಲ್ಲಿ ನಾವು ಕಲಿತ ತರ್ಕದ ಮೊದಲ ಪಾಠ, ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು. ಅದರೊಡನೆ ಕಲಿತ ಎರಡನೆಯ ಪಾಠ, ಯಾವುದಿದ್ದರೆ ಯಾವುದಿದೆ, ಯಾವುದಿಲ್ಲದಿದ್ದರೆ ಯಾವುದಿಲ್ಲ ಎಂದು ಒಂದೊಂದಾಗಿ ನೋಡುತ್ತ ಹೋಗುವುದು. ಒಂದೇ ಸಲಕ್ಕೆ ನಾಲ್ಕು ಭಾಗಗಳನ್ನು ಬದಲಿಸಿದರೆ ದೋಷ ಹೋಗಬಹುದು, ಆದರೆ ಯಾವುದು ದೋಷವಾಗಿತ್ತೆಂಬುದು ತಿಳಿಯದು.

ಮೊದಲ ಆಶ್ಚರ್ಯ ಸೀಸೆಯಲ್ಲಿ ಕಾದಿತ್ತು. ಅದರಲ್ಲಿ ನೀರು ಗುರುತಿನ ಮಟ್ಟಕ್ಕೆ ಸರಿಯಾಗಿತ್ತು! ‘ನಾನು ದಿನಾ ನೋಡ್ತಿದ್ದೆ ದೊಡ್ಡಪ್ಪಾ, ಒಂದು ಬೆರಳೂ ಇಳಿದಿರಲಿಲ್ಲ’ ಎಂದ ಹುಡುಗ. ಆದರೆ ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ನೀರು ಕಾಣಲಿಲ್ಲ. ಅದನ್ನು ತುಂಬಲು 2 ಲೀಟರಿಗೂ ಹೆಚ್ಚು ಬೇಕಾಯಿತು. ಕಾದಾಗ ಏರಬೇಕಾದ, ತಣಿದಾಗ ಇಳಿಯಬೇಕಾದ ಸೀಸೆಯ ನೀರು ತಿಂಗಳುಗಟ್ಟಲೆ ಅಲುಗಾಡದೆ ನಿಂತಿತ್ತೆಂದರೆ ಅದೇ ರೋಗದ ಲಕ್ಷಣ. ಸೀಸೆಗೂ ರೇಡಿಯೇಟರಿಗೂ ನಡುವಣ ಕೊಡುಕೊಳ್ಳುವಿಕೆ ನಿಂತುಹೋಗಿತ್ತು. ಮುಚ್ಚಳದ ರಬ್ಬರು ಒಣಗಿ ಸೀಳಿತ್ತು. ಒತ್ತಡವೂ ನಿಲ್ಲುತ್ತಿರಲಿಲ್ಲ, ನೀರನ್ನು ಹಿಂದಕ್ಕೆ ಹೀರುವ ಶಕ್ತಿಯೂ ಉಳಿದಿರಲಿಲ್ಲ. ಬದಲಾಗದಿರುವುದು ಕ್ಷೇಮದ ಗುರುತೆಂದು ನಾವು ಭ್ರಮಿಸಿದ್ದೆವು.

ನೀರು ಹೋದದ್ದಾದರೂ ಎಲ್ಲಿಂದ? ಹೋಸ್ ಪೈಪುಗಳ ಮೇಲೆಲ್ಲ ಕೈಯಾಡಿಸಿದಾಗ, ಹೀಟರಿಗೆ ಹೋಗುವ ಒಂದು ಪೈಪಿನ ಕ್ಲಿಪ್ಪಿನ ಬಳಿ ಬಿಳಿಯ ಉಪ್ಪಿನ ಹೊಪ್ಪಳೆ ಸಿಕ್ಕಿತು. ಹನಿ ಬಿದ್ದಲ್ಲಿಯೇ ಬಿಸಿಗೆ ಒಣಗುತ್ತಿದ್ದುದರಿಂದ ನೆಲದ ಮೇಲೆ ಒದ್ದೆ ಕಾಣುತ್ತಿರಲಿಲ್ಲ. ಸೋರಿಕೆಯನ್ನು ತೋರಿಸಿಕೊಟ್ಟದ್ದು ನೀರು ಬಿಟ್ಟುಹೋದ ಉಪ್ಪು.

ಮೂರನೆಯದು, ಚಳಿಗಾಲವಿಡೀ ಹೀಟರ್ ಉಗುರುಬೆಚ್ಚಗಿದ್ದುದರ ಕಾರಣ. ನೀರು ತುಂಬಿ ಎಂಜಿನ್ ಚಾಲೂ ಮಾಡಿದಾಗ, ರೇಡಿಯೇಟರಿನ ಮೇಲಿನ ಹೋಸ್ ಪೈಪು ಮೊದಲ ನಿಮಿಷದಿಂದಲೇ ಮೆಲ್ಲಮೆಲ್ಲನೆ ಬಿಸಿಯಾಗತೊಡಗಿತು. ಬಹುತೇಕ ಕಾರುಗಳಲ್ಲಿ ಅದು ಕೆಲವು ನಿಮಿಷ ತಣ್ಣಗಿದ್ದು, ಥರ್ಮೋಸ್ಟ್ಯಾಟ್ ತೆರೆದಾಗ ಒಮ್ಮೆಲೇ ಕಾಯಬೇಕು. ಕವಚ ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟ್ಯಾಟೇ ಇರಲಿಲ್ಲ! ಹಿಂದೆ ಯಾವಾಗಲೋ ಮೆಕ್ಯಾನಿಕ್ ಒಬ್ಬರು ಅದನ್ನು ತೆಗೆದುಹಾಕಿದ್ದರು. ‘ನಮ್ಮ ಬಿಸಿಲಿಗೆ ಇದು ಬೇಕಿಲ್ಲ’ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಬಾಗಿಲೇ ಇಲ್ಲದ ಎಂಜಿನ್ ಹದವಾದ ಕಾವಿಗೆ ಬರುವುದು ತಡವಾಗಿ, ಇಂಧನ ಹೆಚ್ಚು ಉರಿದು, ಒಳಭಾಗಗಳು ಬೇಗ ಸವೆಯುತ್ತವೆ. ಹೀಟರಂತೂ ಬಿಸಿಯಾಗುವುದೇ ಇಲ್ಲ. ಕಾವು ಏರುತ್ತಿರುವ ಗಾಡಿಯಿಂದ ಥರ್ಮೋಸ್ಟ್ಯಾಟನ್ನು ತೆಗೆಯುವುದು ರೋಗವನ್ನು ಮುಚ್ಚಿಡುವುದೇ ಹೊರತು ಚಿಕಿತ್ಸೆಯಲ್ಲ.

ಹೊಸ ಥರ್ಮೋಸ್ಟ್ಯಾಟನ್ನು ಕೂರಿಸುವ ಮೊದಲು ಅಡುಗೆಮನೆಯಲ್ಲಿಯೇ ಪರೀಕ್ಷಿಸಿದೆವು. ಅದನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ಒಂದು ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಬೇಕು. ಪಕ್ಕದಲ್ಲಿ ಬಿಸಿನೀರಿಗೆ ಬಳಸುವ ಥರ್ಮಾಮೀಟರ್ ಇರಲಿ. ಜ್ವರ ಅಳೆಯುವುದನ್ನು ಬಳಸಿದರೆ ಒಡೆದೀತು. ಅದರ ಮೇಲೆ ಕೊರೆದಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಗಿಲು ತೆರೆದು, ತಣಿದಾಗ ಮುಚ್ಚಿಕೊಂಡರೆ ಅದು ಸರಿಯಿದೆಯೆಂದರ್ಥ. ಮುಚ್ಚಳ, ಕ್ಲಿಪ್ಪು, ಥರ್ಮೋಸ್ಟ್ಯಾಟ್ ಎಂಬ ಮೂರು ಚಿಕ್ಕ ವಸ್ತುಗಳಿಂದ ಗಾಡಿ ಗುಣವಾಯಿತು. ಕಾದ ಮೇಲೂ ಇನ್ನಷ್ಟು ದೂರ ಓಡಿಸಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತಿತ್ತು.

ಲಕ್ಷಣದಿಂದ ಕಾರಣಕ್ಕೆ

ಓದುಗ ಬಂಧುಗಳ ಅನುಕೂಲಕ್ಕಾಗಿ ಇನ್ನುಳಿದ ಲಕ್ಷಣಗಳನ್ನೂ ಇಲ್ಲಿ ಸಂಗ್ರಹಿಸುತ್ತೇನೆ.

ಪೇಟೆಯ ಸಂದಣಿಯಲ್ಲಿ ಮುಳ್ಳು ಏರಿ, ಬಯಲು ರಸ್ತೆಯ ಓಟದಲ್ಲಿ ಇಳಿದರೆ ದೋಷ ಬಹುಶಃ ಫ್ಯಾನಿನಲ್ಲಿದೆ. ಓಟದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಫ್ಯಾನು ಬೇಕು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ವೇಗದಲ್ಲಿ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಅಥವಾ ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಬೆಳೆಯ ಹೊಟ್ಟು ರೇಡಿಯೇಟರಿನ ಮೈಗೆ ಅಂಟಿ ಗಾಳಿಯನ್ನು ತಡೆಯುವುದುಂಟು. ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಮುಖವಾಗಿ, ಸಣ್ಣ ಧಾರೆಯ ನೀರಿನಿಂದ ತೊಳೆಯಬೇಕು. ಜೋರಾಗಿ ನೀರು ಹಾಯಿಸಿದರೆ ತೆಳ್ಳನೆಯ ರೆಕ್ಕೆಗಳು ಬಾಗುತ್ತವೆ.

ಎಂಜಿನ್ನಿನ ಕಾವು ಹದವಾಗಿದ್ದೂ ಹೀಟರ್ ತಣ್ಣಗಿದ್ದರೆ, ಅದಕ್ಕೆ ಹೋಗುವ ಎರಡು ಪೈಪುಗಳನ್ನು ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ನೀರು ಹರಿಯುತ್ತಿದೆ. ದೋಷ ಗಾಳಿಯನ್ನು ತಿರುಗಿಸುವ ಒಳಬಾಗಿಲಿನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರಿನ ನಳಿಗೆ ಕಟ್ಟಿದೆ, ಇಲ್ಲವೇ ಅದರ ಕವಾಟ ಮುಚ್ಚಿದೆ. ಕಾರಿನೊಳಗೆ ಸಿಹಿಯಾದ ವಾಸನೆ, ಒಳಗಾಜಿನ ಮೇಲೆ ಜಿಡ್ಡಿನ ಮಂಜು, ಮುಂದಿನ ಆಸನದ ಕೆಳಗೆ ಒದ್ದೆ ಕಂಡರೆ ಹೀಟರೇ ಸೋರುತ್ತಿದೆ. ಹೊಸ ನೀರು ತುಂಬಿದ ಮೇಲೆ ಹೀಟರ್ ಕೆಲಸ ಮಾಡದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ತಣ್ಣಗಿರುವ ಗಾಡಿಯನ್ನು ಮುಂಭಾಗ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ನಡೆಸಿದರೆ ಗುಳ್ಳೆಗಳು ಹೊರಬರುತ್ತವೆ; ಇಳಿದಷ್ಟು ನೀರನ್ನು ತುಂಬುತ್ತ ಹೋಗಬೇಕು.

ಆದರೆ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಹೊಗೆಯ ಕೊಳವೆಯಿಂದ ದಟ್ಟವಾದ ಬಿಳಿ ಹೊಗೆ ಬಂದರೆ, ಎಂಜಿನ್ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ತಿಳಿದು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಅದು ಅಂಗಳದ ಕೆಲಸವಲ್ಲ. ನುರಿತ ಮೆಕ್ಯಾನಿಕ್ಕಿನ ಕಾಯಕ.

ಹಾದಿಯಲ್ಲಿ ಕಾದರೆ

ಮುಳ್ಳು ಏರತೊಡಗಿದೊಡನೆ ಎ.ಸಿ. ಇದ್ದರೆ ಆರಿಸಿ, ಹೀಟರನ್ನೂ ಅದರ ಫ್ಯಾನನ್ನೂ ಪೂರ್ತಿ ತೆರೆಯಿರಿ. ಸುಡುಬೇಸಿಗೆಯಲ್ಲಿ ಇದು ವಿಪರೀತವೆನಿಸಬಹುದು. ಆದರೆ ಆ ಪುಟ್ಟ ರೇಡಿಯೇಟರ್ ಆಗ ದೊಡ್ಡದಕ್ಕೆ ನೆರವಾಗುತ್ತದೆ. ಮುಳ್ಳು ಇಳಿಯದಿದ್ದರೆ ಸುರಕ್ಷಿತವಾದ ಬದಿಯಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ‘ಇನ್ನು ನಾಲ್ಕೇ ಕಿಲೋಮೀಟರ್’ ಎಂಬ ಆಸೆ ಎಷ್ಟೋ ಎಂಜಿನ್ನುಗಳನ್ನು ಬಲಿ ಪಡೆದಿದೆ. ನೀರು ಪೂರ್ತಿ ಹೋದಾಗ ಅಳತೆಯ ಮುಳ್ಳು ನೀರಿನ ಸ್ಪರ್ಶವಿಲ್ಲದೆ ಸುಳ್ಳು ಹೇಳಿ, ಕೆಳಗೆ ಇಳಿಯುವುದೂ ಉಂಟು. ಅದನ್ನು ನಂಬಿ ಹೊರಡಬಾರದು.

ಉಗಿ ನಿಂತ ಮೇಲೆಯೇ ಬಾನೆಟ್ ಎತ್ತಿ. ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಒತ್ತಡದ ಮುಚ್ಚಳ ಸೀಸೆಯ ಮೇಲೆಯೇ ಇರುವ ಕಾರುಗಳಿಗೂ ಇದೇ ನಿಯಮ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುತ್ತದೆ. ವಿದ್ಯುತ್ ಫ್ಯಾನು ಎಂಜಿನ್ ಆರಿಸಿದ ಮೇಲೂ ತಾನಾಗಿಯೇ ತಿರುಗುವುದರಿಂದ ಸೀರೆಯ ಸೆರಗು, ಧೋತರದ ಚುಂಗು, ಮಕ್ಕಳ ಕೈ ಅದರತ್ತ ಹೋಗದಿರಲಿ. ಮನೆಯಲ್ಲಿ ಪರೀಕ್ಷಿಸುವಾಗ ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷವಿರುತ್ತದೆ.

ಯಾವ ನೀರು?

ನಮ್ಮ ನೆಲ ಕಪ್ಪುಕಲ್ಲಿನದು. ಅದರ ಬೋರಿನ ನೀರು ಬಹುಕಡೆ ಗಡಸು, ಕೆಲವೆಡೆ ಸವಳು. ಹಂಡೆಯ ತಳಕ್ಕೂ ಸೌರ ಹೀಟರಿನ ಕೊಳವೆಗೂ ಹಿಡಿಯುವ ಬಿಳಿಯ ಪೊರೆಯೇ ರೇಡಿಯೇಟರಿನ ನಳಿಗೆಗಳಲ್ಲಿಯೂ ಹಿಡಿಯುತ್ತದೆ. ಆ ಪೊರೆ ಕಾವನ್ನು ದಾಟಲು ಬಿಡದು. ತುರ್ತಿನಲ್ಲಿ ಯಾವ ನೀರಾದರೂ ಸರಿ. ಊರು ತಲುಪಿದ ಮೇಲೆ ಅದನ್ನು ತೆಗೆದು, ಬ್ಯಾಟರಿಗೆ ಹಾಕುವಂತಹ ಬಟ್ಟಿ ಇಳಿಸಿದ ನೀರಿನಲ್ಲಿ ಕೂಲೆಂಟ್ ಬೆರೆಸಿ ತುಂಬಬೇಕು. ಕೂಲೆಂಟ್ ಹಿಮದ ದೇಶಗಳಿಗೆ ಮಾತ್ರವೆಂಬುದು ತಪ್ಪು ತಿಳಿವಳಿಕೆ. ಅದು ಹೆಪ್ಪುಗಟ್ಟುವುದನ್ನು ತಡೆಯುವಂತೆಯೇ ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ತುಕ್ಕು ಹಿಡಿಯದಂತೆ ಕಾಯುತ್ತವೆ. ಎಷ್ಟು ಬೆರೆಸಬೇಕು, ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ.

ಇಲ್ಲೊಂದು ಗಂಭೀರವಾದ ಎಚ್ಚರಿಕೆ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಸ್ವಭಾವದಲ್ಲಿ ವಿಷ. ಮಕ್ಕಳೋ ದನಕರುಗಳೋ ನಾಯಿಯೋ ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಪ್ರಾಣವೇ ಹೋಗಬಹುದು. ತೆಗೆದ ಹಳೆಯ ನೀರನ್ನು ಬಾಯಿ ತೆರೆದ ಪಾತ್ರೆಯಲ್ಲಿ ಇಡಬೇಡಿ, ಗಟಾರಕ್ಕೂ ಕೆರೆಯ ಕಡೆಗೂ ಚೆಲ್ಲಬೇಡಿ. ಮುಚ್ಚಿದ ಡಬ್ಬದಲ್ಲಿ ತುಂಬಿ, ವಿಲೇವಾರಿಗಾಗಿ ಗ್ಯಾರೇಜಿಗೆ ಒಪ್ಪಿಸಿ.

ಅಕ್ಕ ಆ ಸಲ ಚೇತರಿಸಿಕೊಂಡು ಮನೆಗೆ ಮರಳಿದಳು. ಈಗ ಎಲ್ಲಿಗೇ ಹೊರಟರೂ ಕಾರು ಹತ್ತುವ ಮೊದಲು ಹುಡುಗನನ್ನು ಕೇಳುತ್ತಾಳೆ: ‘ನೀರು ಸೀಸೆದಾಗ ನೋಡಿದ್ಯೋ, ಒಳಗ ನೋಡಿದ್ಯೋ?’ ಬೆಳಗಿನ ತಂಪಿನಲ್ಲಿ ಮುಚ್ಚಳ ತೆರೆದು ಒಮ್ಮೆ ಇಣುಕಿ ನೋಡಲು ಅವನಿಗೆ ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಾವು ಉಳಿಸಲು ಹೋದ ದಿನ ಉಬ್ಬಸದ ಜೀವವೊಂದು ನಡುದಾರಿಯ ಚಳಿಯಲ್ಲಿ ಕುಳಿತಿರಬೇಕಾಯಿತು. ನಿಮ್ಮ ಮನೆಯವರಿಗೆ ಆ ಕಷ್ಟ ಬಾರದಿರಲಿ.